ಉರಿದ ಮೇಲೆ ಭಾರವಾಗುವ ಲೋಹ: ಮೂಸೆಯಲ್ಲಿ ಮೆಗ್ನೀಸಿಯಂ ತೂಗುವ ಪ್ರಯೋಗ

ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರಿಗೆಲ್ಲ ಮೆಗ್ನೀಸಿಯಂ ಪಟ್ಟಿಯ ಪರಿಚಯವಿರುತ್ತದೆ. ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದ ಮೊದಲ ಚಟುವಟಿಕೆಯೇ ಅದು: ಪಟ್ಟಿಯನ್ನು ಮರಳು ಕಾಗದದಿಂದ ಉಜ್ಜಿ, ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದರೆ ಕಣ್ಣು ಕೋರೈಸುವ ಬಿಳಿಯ ಬೆಳಕು ಹೊಮ್ಮುತ್ತದೆ, ಕೊನೆಗೆ ಬಿಳಿಯ ಪುಡಿ ಉಳಿಯುತ್ತದೆ. ಬೆಳಕು ನೋಡಿದ್ದಾಯಿತು, ಪುಡಿಯ ಹೆಸರು ಮೆಗ್ನೀಸಿಯಂ ಆಕ್ಸೈಡ್ ಎಂದು ಬರೆದುಕೊಂಡದ್ದಾಯಿತು ಎಂಬಲ್ಲಿಗೆ ಹೆಚ್ಚಿನ ತರಗತಿಗಳಲ್ಲಿ ಚಟುವಟಿಕೆ ಮುಗಿಯುತ್ತದೆ. ಆದರೆ ಅದೇ ಪಟ್ಟಿಯನ್ನು ಮೂಸೆಯೊಳಗೆ, ಅಂದರೆ ಬಲವಾದ ಕಾವನ್ನು ತಡೆಯುವ ಪುಟ್ಟ ಬಟ್ಟಲಿನೊಳಗೆ ಇಟ್ಟು, ಕಾಯಿಸುವ ಮೊದಲು ಒಮ್ಮೆ ಮತ್ತು ಕಾಯಿಸಿದ ನಂತರ ಒಮ್ಮೆ ತೂಗಿದರೆ, ಬಣ್ಣ ಮತ್ತು ಬೆಳಕಿನ ವರ್ಣನೆಯಾಗಿದ್ದ ಪಾಠವು ಪರಮಾಣುಗಳ ಲೆಕ್ಕವಾಗಿ ಮಾರ್ಪಡುತ್ತದೆ. ಆ ತೂಕದ ಪ್ರಯೋಗವನ್ನು, ವಿಶೇಷವಾಗಿ ಅದರಲ್ಲಿ ಬರುವ ಉತ್ತರ ಪುಸ್ತಕದ ಉತ್ತರಕ್ಕಿಂತ ಸ್ವಲ್ಪ ಬೇರೆಯಾದಾಗ ಏನನ್ನು ಗಮನಿಸಬೇಕು ಎಂಬುದನ್ನು, ಇಲ್ಲಿ ವಿವರಿಸುತ್ತೇನೆ.

ಸುಟ್ಟದ್ದು ಹಗುರವಾಗುತ್ತದೆ ಎಂಬುದು ನಮ್ಮ ದಿನನಿತ್ಯದ ಅನುಭವ. ಒಂದು ಹೊರೆ ಕಟ್ಟಿಗೆ ಒಲೆಯಲ್ಲಿ ಉರಿದರೆ ಉಳಿಯುವುದು ಒಂದು ಮೊರದಷ್ಟು ಬೂದಿ ಮಾತ್ರ. ಉರಿಯುವ ವಸ್ತುವಿನಿಂದ ಏನೋ ಹೊರಟುಹೋಗುತ್ತದೆ ಎಂಬ ಈ ಅನುಭವವೇ ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಸಿದ್ಧಾಂತವಾಗಿ ನೆಲೆಗೊಂಡಿತ್ತು. ಜರ್ಮನಿಯ ಗಿಯೋರ್ಗ್ ಅರ್ನ್ಸ್ಟ್ ಸ್ಟಾಲ್ ಬೆಳೆಸಿದ ಆ ಸಿದ್ಧಾಂತದ ಪ್ರಕಾರ ಉರಿಯಬಲ್ಲ ಪ್ರತಿಯೊಂದು ವಸ್ತುವಿನಲ್ಲೂ ಫ್ಲೋಜಿಸ್ಟನ್ ಎಂಬ ಅಂಶವಿದ್ದು, ದಹನವೆಂದರೆ ಅದರ ಬಿಡುಗಡೆ. ಲೋಹಗಳು ಮಾತ್ರ ಈ ಮಾತಿಗೆ ಒಪ್ಪುತ್ತಿರಲಿಲ್ಲ. ತವರ ಮತ್ತು ಸೀಸವನ್ನು ಕಾಯಿಸಿ ಭಸ್ಮ ಮಾಡಿದಾಗ ಅವುಗಳ ತೂಕ ಹೆಚ್ಚುತ್ತದೆಂದೂ, ಆ ಹೆಚ್ಚಳ ಗಾಳಿಯಿಂದ ಬಂದದ್ದೆಂದೂ ಫ್ರಾನ್ಸಿನ ವೈದ್ಯ ಜೀನ್ ರೇ 1630ರಲ್ಲೇ ಬರೆದಿದ್ದನು. ರಾಬರ್ಟ್ ಬಾಯ್ಲ್ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಲೋಹವನ್ನು ಕಾಯಿಸಿದನಾದರೂ, ಪಾತ್ರೆಯನ್ನು ತೆರೆದ ಮೇಲೆ ತೂಗಿದನು. ತೆರೆದ ಕ್ಷಣದಲ್ಲಿ ಒಳನುಗ್ಗಿದ ಗಾಳಿಯ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬೆಂಕಿಯ ಕಣಗಳೇ ಗಾಜನ್ನು ದಾಟಿ ಲೋಹವನ್ನು ಸೇರಿವೆ ಎಂದು 1673ರಲ್ಲಿ ಪ್ರಕಟಿಸಿದನು. ಆಂಟ್ವಾನ್ ಲವಾಸಿಯೇ 1774ರಲ್ಲಿ ತವರದೊಂದಿಗೆ ಇದೇ ಪ್ರಯೋಗವನ್ನು ಮಾಡಿದಾಗ, ಪಾತ್ರೆಯನ್ನು ತೆರೆಯುವ ಮೊದಲೂ ತೂಗಿದನು, ತೆರೆದ ಮೇಲೂ ತೂಗಿದನು. ಮುಚ್ಚಿದ ಪಾತ್ರೆಯ ತೂಕ ಬದಲಾಗಿರಲಿಲ್ಲ. ತೆರೆದಾಗ ಗಾಳಿ ಒಳನುಗ್ಗಿ ತೂಕ ಹೆಚ್ಚಿತು, ಮತ್ತು ಆ ಹೆಚ್ಚಳವು ಲೋಹ ಭಸ್ಮವಾಗುವಾಗ ಪಡೆದ ಹೆಚ್ಚಳಕ್ಕೆ ಸರಿಹೊಂದಿತು. ಬಾಯ್ಲ್‌ಗೂ ಲವಾಸಿಯೇಗೂ ನಡುವೆ ಇದ್ದದ್ದು ಒಂದೇ ಒಂದು ಹೆಚ್ಚುವರಿ ತೂಕದ ಅಂತರ. ನಮ್ಮ ಪ್ರಯೋಗದಲ್ಲೂ ಇಂಥ ಒಂದು ಹೆಚ್ಚುವರಿ ತೂಕವು ಮುಂದೆ ಕೆಲಸಕ್ಕೆ ಬರಲಿದೆ.

ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಮುಚ್ಚಳವಿರುವ ಪಿಂಗಾಣಿಯ ಮೂಸೆ, ಅದನ್ನು ಕೂರಿಸಲು ಜೇಡಿಮಣ್ಣಿನ ಕೊಳವೆ ತೊಡಿಸಿದ ತಂತಿಯ ತ್ರಿಕೋನ, ಮುಕ್ಕಾಲಿ, ಬನ್ಸೆನ್ ಬರ್ನರ್, ಇಕ್ಕಳ ಮತ್ತು ಒಂದು ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ. ಮೂಸೆ ಎಂಬ ಮಾತು ನಮಗೆ ಅಕ್ಕಸಾಲಿಗರ ಕೆಲಸದಿಂದ ಪರಿಚಿತ. ಅಕ್ಕಸಾಲಿಗನ ಮೂಸೆಯಲ್ಲಿ ಪುಟಕ್ಕಿಟ್ಟ ಚಿನ್ನವು ತನ್ನೊಳಗಿನ ಕಲ್ಮಷವನ್ನು ಕಳೆದುಕೊಳ್ಳುತ್ತದೆಯೇ ಹೊರತು, ಎಷ್ಟು ಕಾಯಿಸಿದರೂ ಗಾಳಿಯಿಂದ ಏನನ್ನೂ ಪಡೆಯುವುದಿಲ್ಲ. ಮೆಗ್ನೀಸಿಯಂನದು ತೀರ ವಿರುದ್ಧ ಸ್ವಭಾವ. ತಾಮ್ರವು ಇವೆರಡರ ನಡುವೆ ನಿಲ್ಲುತ್ತದೆ: ಕಾಯಿಸಿದಾಗ ಅದರ ಮೇಲ್ಮೈ ಕಪ್ಪಾಗುತ್ತದೆಯಾದರೂ ಆ ಕಪ್ಪು ಪದರವೇ ಒಳಗಿನ ಲೋಹಕ್ಕೆ ಹೊದಿಕೆಯಾಗಿಬಿಡುವುದರಿಂದ ಕ್ರಿಯೆ ಅರ್ಧದಲ್ಲೇ ನಿಲ್ಲುತ್ತದೆ. ತೆಗೆದುಕೊಂಡ ಲೋಹವಷ್ಟೂ ಆಕ್ಸೈಡ್ ಆದರೆ ಮಾತ್ರ ಲೆಕ್ಕ ಕೂಡುವುದರಿಂದ ಈ ಪ್ರಯೋಗಕ್ಕೆ ಮೆಗ್ನೀಸಿಯಂ ಆರಿಸಿಕೊಳ್ಳುತ್ತಾರೆ.

ಮೊದಲು ಖಾಲಿ ಮೂಸೆಯನ್ನು ಮುಚ್ಚಳದೊಂದಿಗೆ ಕೆಲವು ನಿಮಿಷ ಬಲವಾಗಿ ಕಾಯಿಸಿ, ತಣಿಸಿ, ತೂಗಬೇಕು. ಈ ಹಂತವನ್ನು ಬಿಟ್ಟುಬಿಡುವವರು ಹಲವರು. ಪಿಂಗಾಣಿಯ ಮೈಮೇಲೆ ತೇವವೋ ಹಿಂದಿನ ಪ್ರಯೋಗದ ಶೇಷವೋ ಇದ್ದರೆ ಅದು ಮುಂದೆ ಲೋಹದೊಂದಿಗೆ ಕಾಯುವಾಗ ಹೊರಟುಹೋಗಿ, ಲೋಹ ಪಡೆದ ತೂಕದಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ. ಆಮೇಲೆ ಸುಮಾರು ಕಾಲು ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು ಹೊಳೆಯುವವರೆಗೆ ಉಜ್ಜಿ, ಸಡಿಲವಾದ ಸುರುಳಿ ಮಾಡಿ, ಮೂಸೆಯ ತಳಕ್ಕೆ ಒತ್ತಿಕೊಳ್ಳದಂತೆ ಇಟ್ಟು ಮತ್ತೆ ತೂಗಬೇಕು. ಉಜ್ಜುವುದಕ್ಕೆ ಕಾರಣವಿದೆ. ಹಳೆಯ ಪಟ್ಟಿಯ ಮೇಲಿನ ಮಬ್ಬು ಪದರವು ಆಗಲೇ ಆಕ್ಸೈಡ್ ಆಗಿರುವುದರಿಂದ, ಅದನ್ನು ಲೋಹವೆಂದು ತೂಗಿಕೊಂಡರೆ ನಾವು ಲೆಕ್ಕಕ್ಕೆ ಹಿಡಿದಷ್ಟು ಲೋಹ ಅಲ್ಲಿರುವುದೇ ಇಲ್ಲ. ಇಲ್ಲಿಂದ ಮುಂದೆ ಮೂಸೆಯನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಮಿಲಿಗ್ರಾಂ ತಕ್ಕಡಿಗೆ ಲೆಕ್ಕಕ್ಕೆ ಸಿಗುವಂಥದ್ದು, ಬಿಸಿ ಮೂಸೆಯಂತೂ ನೋಡುವುದಕ್ಕೆ ತಣ್ಣಗಿನ ಮೂಸೆಯಂತೆಯೇ ಇರುತ್ತದೆ.

ಈ ಪ್ರಯೋಗದ ನಿಜವಾದ ಕಷ್ಟವಿರುವುದು ಮುಚ್ಚಳದಲ್ಲಿ. ಮುಚ್ಚಳವನ್ನು ಪೂರ್ತಿ ತೆರೆದಿಟ್ಟರೆ ಮೆಗ್ನೀಸಿಯಂ ಧಗ್ಗನೆ ಹೊತ್ತಿಕೊಂಡು ಬಿಳಿಯ ಹೊಗೆ ಏಳುತ್ತದೆ. ಆ ಹೊಗೆಯೆಂದರೆ ಆಕ್ಸೈಡ್‌ನ ಅತಿ ಸೂಕ್ಷ್ಮ ಕಣಗಳು, ಅಂದರೆ ನಾವು ತೂಗಬೇಕಾದ ವಸ್ತುವೇ ಕಣ್ಣೆದುರಿನಲ್ಲಿ ಹಾರಿಹೋಗುತ್ತಿರುತ್ತದೆ. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗಿನ ಆಮ್ಲಜನಕ ಬೇಗ ತೀರಿ, ಲೋಹ ಅರ್ಧ ಉರಿದು ಉಳಿಯುತ್ತದೆ. ಆದ್ದರಿಂದ ಮುಚ್ಚಳವಿಟ್ಟು ಬಲವಾಗಿ ಕಾಯಿಸುತ್ತ, ಆಗಾಗ ಇಕ್ಕಳದಿಂದ ಅದರ ಒಂದು ಅಂಚನ್ನು ತುಸು ಎತ್ತಿ, ಒಳಗೆ ಬೆಳಕು ಮಿನುಗಿದ ಕೂಡಲೇ ಮುಚ್ಚಿಬಿಡಬೇಕು. ಹಾಗೆ ಎತ್ತುವಾಗ ಒಳಗಿನ ಉರಿಯನ್ನು ನೇರವಾಗಿ ದಿಟ್ಟಿಸಬಾರದು. ಉರಿಯುವ ಮೆಗ್ನೀಸಿಯಂ ಹೊಮ್ಮಿಸುವ ಬೆಳಕಿನಲ್ಲಿ ನೇರಳಾತೀತ ಕಿರಣಗಳೂ ಇದ್ದು ಅವು ಕಣ್ಣಿಗೆ ಕೇಡು ಮಾಡುತ್ತವೆ. ಅಕಸ್ಮಾತ್ ಲೋಹ ಹೊರಗೆ ಬಿದ್ದು ಉರಿಯತೊಡಗಿದರೆ ನೀರನ್ನಾಗಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನಾಗಲಿ ಬಳಸಲೇಬಾರದು, ಏಕೆಂದರೆ ಮೆಗ್ನೀಸಿಯಂ ಅವೆರಡರಿಂದಲೂ ಆಮ್ಲಜನಕವನ್ನು ಕಿತ್ತುಕೊಂಡು ಉರಿಯಬಲ್ಲದು. ಒಣ ಮರಳನ್ನು ಹತ್ತಿರದಲ್ಲಿ ಇಟ್ಟುಕೊಂಡೇ ಕೆಲಸ ಆರಂಭಿಸಬೇಕು.

ಮುಚ್ಚಳವನ್ನು ಎತ್ತಿದಾಗ ಬೆಳಕು ಕಾಣದಂತಾದ ಮೇಲೆ ಇನ್ನಷ್ಟು ಹೊತ್ತು ಕಾಯಿಸಿ, ಪೂರ್ತಿ ತಣಿಸಿ, ತೂಗಬೇಕು. ಮತ್ತೆ ಕಾಯಿಸಿ, ತಣಿಸಿ, ತೂಗಬೇಕು. ಎರಡು ಸಲದ ತೂಕವೂ ಒಂದೇ ಆಗುವವರೆಗೆ ಹೀಗೆ ಮಾಡುವುದಕ್ಕೆ ಸ್ಥಿರ ತೂಕಕ್ಕೆ ತರುವುದು ಎನ್ನುತ್ತಾರೆ. ಬಿಸಿಯಿದ್ದಾಗಲೇ ತೂಗಿದರೆ ಮೂಸೆಯ ಸುತ್ತಲಿನ ಗಾಳಿ ಕಾದು ಮೇಲೇರುತ್ತ ತಟ್ಟೆಯನ್ನು ತುಸು ಎತ್ತಿದಂತೆ ಮಾಡಿ, ತೂಕವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ವಿವರಣೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳುತ್ತೇನೆ. ಮುಚ್ಚಳಸಹಿತ ಖಾಲಿ ಮೂಸೆ 32.416 ಗ್ರಾಂ, ಲೋಹವಿಟ್ಟ ಮೇಲೆ 32.659 ಗ್ರಾಂ, ಸ್ಥಿರ ತೂಕಕ್ಕೆ ಬಂದ ಮೇಲೆ 32.806 ಗ್ರಾಂ ಎಂದಿರಲಿ. ಅಂದರೆ ಲೋಹ 0.243 ಗ್ರಾಂ, ಅದು ಪಡೆದದ್ದು 0.147 ಗ್ರಾಂ. ಪಡೆದದ್ದೆಲ್ಲ ಆಮ್ಲಜನಕವೆಂದು ಸದ್ಯಕ್ಕೆ ನಂಬೋಣ. ಗ್ರಾಂಗಳನ್ನು ನೇರವಾಗಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮೆಗ್ನೀಸಿಯಂ ಪರಮಾಣು ಆಮ್ಲಜನಕದ ಪರಮಾಣುವಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನಮಗೆ ಬೇಕಾದದ್ದು ತೂಕದ ಹೋಲಿಕೆಯಲ್ಲ, ತಲೆ ಎಣಿಕೆ. ಬ್ಯಾಂಕಿನಲ್ಲಿ ನಾಣ್ಯಗಳ ಚೀಲವನ್ನು ತೂಗಿ, ಒಂದು ನಾಣ್ಯದ ತೂಕದಿಂದ ಭಾಗಿಸಿ, ಎಷ್ಟು ನಾಣ್ಯಗಳಿವೆಯೆಂದು ಹೇಳಿದ ಹಾಗೆ, ಇಲ್ಲಿ ಪ್ರತಿಯೊಂದು ಧಾತುವಿನ ತೂಕವನ್ನೂ ಅದರ ಒಂದು ಮೋಲ್‌ನ ತೂಕದಿಂದ ಭಾಗಿಸಬೇಕು. ಮೋಲ್ ಎಂದರೆ ಯಾವ ಧಾತುವಿನದಾದರೂ ಒಂದೇ ಸಂಖ್ಯೆಯ ಪರಮಾಣುಗಳಿರುವ ಗೊತ್ತಾದ ಪ್ರಮಾಣ. ಅದರ ತೂಕ ಮೆಗ್ನೀಸಿಯಂಗೆ 24.31 ಗ್ರಾಂ, ಆಮ್ಲಜನಕಕ್ಕೆ 16.00 ಗ್ರಾಂ. 0.243 ಗ್ರಾಂ ಮೆಗ್ನೀಸಿಯಂ ಎಂದರೆ 0.0100 ಮೋಲ್, 0.147 ಗ್ರಾಂ ಆಮ್ಲಜನಕವೆಂದರೆ 0.0092 ಮೋಲ್. ಒಂದು ಮೆಗ್ನೀಸಿಯಂ ಪರಮಾಣುವಿಗೆ 0.92 ಆಮ್ಲಜನಕ ಪರಮಾಣು ಎಂದಾಯಿತು. ಪರಮಾಣುಗಳು ಸಣ್ಣ ಪೂರ್ಣ ಸಂಖ್ಯೆಗಳಲ್ಲಿ ಕೂಡುವುದರಿಂದ, ಒಂದಕ್ಕೆ ಒಂದು ಎಂಬ ಸೂತ್ರವೇ ಇದಕ್ಕೆ ಹತ್ತಿರದ್ದು.

ಬಹಳಷ್ಟು ವಿದ್ಯಾರ್ಥಿಗಳು ಇಲ್ಲಿಗೆ ಬಂದು ನಿಲ್ಲುತ್ತಾರೆ, ಇಲ್ಲವೇ 0.92 ಎಂಬ ಅಂಕಿ ಚೆನ್ನಾಗಿ ಕಾಣುವುದಿಲ್ಲವೆಂದು ಹೆದರಿ, ಉತ್ತರ ಸರಿಯಾಗಿ ಒಂದಕ್ಕೆ ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ ತೂಕವನ್ನೇ ತಿದ್ದಿ ರೆಕಾರ್ಡ್ ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಪ್ರಾಯೋಗಿಕ ಪರೀಕ್ಷೆಯ ಅಂಕಗಳ ಭಯದಿಂದ ಹುಟ್ಟಿದ ಈ ಅಭ್ಯಾಸ ನನಗೆ ಬಹಳ ನೋವು ತರುತ್ತದೆ, ಏಕೆಂದರೆ ನೂರರಲ್ಲಿ ಕೊರತೆಯಾದ ಆ ಎಂಟು ಪಾಲಿನಲ್ಲೇ ಈ ಪ್ರಯೋಗದ ಅತ್ಯಂತ ರುಚಿಕರವಾದ ರಸಾಯನಶಾಸ್ತ್ರ ಅಡಗಿದೆ. 0.243 ಗ್ರಾಂ ಮೆಗ್ನೀಸಿಯಂ ಪೂರ್ತಿಯಾಗಿ ಆಕ್ಸೈಡ್ ಆಗಿದ್ದರೆ 0.160 ಗ್ರಾಂ ಆಮ್ಲಜನಕವನ್ನು ಪಡೆಯಬೇಕಿತ್ತು. ಹಾಗಾದರೆ ಉಳಿದ 13 ಮಿಲಿಗ್ರಾಂ ಎಲ್ಲಿ ಹೋಯಿತು?

ತಪ್ಪಿಗೂ ಒಂದು ದಿಕ್ಕಿರುತ್ತದೆ, ಆ ದಿಕ್ಕನ್ನು ಮೊದಲು ನೋಡಬೇಕು. ನಮ್ಮ ತೂಕ ಕಡಿಮೆ ಬಂದಿದೆಯಾದ್ದರಿಂದ, ತೂಕವನ್ನು ಹೆಚ್ಚಿಸುವ ಕಾರಣಗಳು ಇಲ್ಲಿ ಮುಖ್ಯವಾಗಿರಲಾರವು. ಉದಾಹರಣೆಗೆ, ಬರ್ನರಿನ ಗಾಳಿಕಿಂಡಿ ಮುಚ್ಚಿದ್ದರೆ ಹಳದಿ ಉರಿಯ ಮಸಿ ಮೂಸೆಯ ತಳಕ್ಕೆ ಮೆತ್ತಿಕೊಂಡು ತೂಕ ಹೆಚ್ಚಬಹುದಿತ್ತು. ತೂಕವನ್ನು ತಗ್ಗಿಸುವ ಕಾರಣಗಳು ಹಲವಾರಿವೆ: ಹೊಗೆಯಾಗಿ ಹಾರಿಹೋದ ಆಕ್ಸೈಡ್, ಉರಿಯದೆ ಉಳಿದ ಲೋಹ, ಉಜ್ಜದೆ ಬಿಟ್ಟ ಮಬ್ಬು ಪದರ, ತಣಿಯದ ಮೂಸೆ. ಇನ್ನೊಂದು ಕಾರಣ ಸುಲಭಕ್ಕೆ ಹೊಳೆಯುವುದಿಲ್ಲ. ಕಾದ ಮೆಗ್ನೀಸಿಯಂ ಪಿಂಗಾಣಿಗೆ ತಾಗಿದರೆ ಅದರಲ್ಲಿರುವ ಸಿಲಿಕಾದಿಂದಲೇ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಲೋಹ ಆಕ್ಸೈಡ್ ಆಗುತ್ತದೆ ನಿಜ, ಆದರೆ ಆ ಆಮ್ಲಜನಕವನ್ನು ನಾವು ಮೂಸೆಯ ತೂಕದಲ್ಲಿ ಮೊದಲೇ ತೂಗಿಬಿಟ್ಟಿರುವುದರಿಂದ ತಕ್ಕಡಿಗೆ ಹೊಸದಾಗಿ ಏನೂ ಕಾಣುವುದಿಲ್ಲ. ಪ್ರಯೋಗ ಮುಗಿದ ಮೇಲೆ ಮೂಸೆಯ ತಳದಲ್ಲಿ ಕಪ್ಪು ಕಲೆ ಕಂಡರೆ ಇದು ನಡೆದಿದೆ ಎಂದು ತಿಳಿಯಬೇಕು. ಸುರುಳಿಯನ್ನು ತಳಕ್ಕೆ ಒತ್ತಬಾರದೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಇವೆಲ್ಲವೂ ಕೈಚಳಕಕ್ಕೆ ಸಂಬಂಧಿಸಿದವು. ಎಷ್ಟೇ ಜಾಗ್ರತೆಯಿಂದ ಕೆಲಸ ಮಾಡಿದರೂ ತಪ್ಪದ ಒಂದು ಕಾರಣವಿದೆ, ಅದು ಗಾಳಿಯಲ್ಲೇ ಇದೆ. ಗಾಳಿಯ ಶೇಕಡಾ 78 ಪಾಲು ಸಾರಜನಕ. ಸಾರಜನಕದ ಅಣುವಿನ ಎರಡು ಪರಮಾಣುಗಳನ್ನು ಹಿಡಿದಿಟ್ಟಿರುವ ತ್ರಿಬಂಧವನ್ನು ಮುರಿಯಲು ಮೋಲ್‌ಗೆ ಸುಮಾರು 945 ಕಿಲೋಜೌಲ್ ಬೇಕು. ಆಮ್ಲಜನಕದ ಅಣುವಿಗಾದರೆ ಸುಮಾರು 498 ಸಾಕು. ಹಾಗಾಗಿ ಎರಡೂ ಎದುರಿಗಿರುವಾಗ ಲೋಹ ಆಮ್ಲಜನಕವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಆದರೆ ಮುಚ್ಚಳದಡಿಯಲ್ಲಿ ಆಮ್ಲಜನಕ ತೀರುತ್ತ ಬಂದಾಗ, ತನ್ನದೇ ಕಾವಿನಲ್ಲಿ ಕೆಂಪಗೆ ಕಾದಿರುವ ಮೆಗ್ನೀಸಿಯಂ ಸಾರಜನಕವನ್ನೂ ಬಿಡುವುದಿಲ್ಲ. ಮೂರು ಮೆಗ್ನೀಸಿಯಂ ಪರಮಾಣುಗಳಿಗೆ ಎರಡು ಸಾರಜನಕ ಪರಮಾಣುಗಳು ಸೇರಿ ಮೆಗ್ನೀಸಿಯಂ ನೈಟ್ರೈಡ್ ಆಗುತ್ತದೆ. ಬಿಳಿಯ ಪುಡಿಯ ನಡುವೆ ಹಸಿರುಮಿಶ್ರಿತ ಹಳದಿಯ ಛಾಯೆ ಕಂಡರೆ ಅದು ನೈಟ್ರೈಡ್‌ನ ಸುಳಿವು. ಒಂದು ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಆಗುವಾಗ 0.658 ಗ್ರಾಂ ಪಡೆದರೆ, ನೈಟ್ರೈಡ್ ಆಗುವಾಗ 0.384 ಗ್ರಾಂ ಮಾತ್ರ ಪಡೆಯುತ್ತದೆ. ಲೋಹವೆಲ್ಲ ಕ್ರಿಯೆಗೆ ಒಳಗಾಗಿದ್ದರೂ ತೂಕ ಕಡಿಮೆ ಬರುವುದು ಹೀಗೆ.

ಇದಕ್ಕೆ ಪರಿಹಾರ ಕೆಲವು ಹನಿ ನೀರು. ಮೂಸೆ ಸಂಪೂರ್ಣ ತಣಿದ ಮೇಲೆ, ಪುಡಿಯ ಮೇಲೆ ಹತ್ತಿಪ್ಪತ್ತು ಹನಿ ಭಟ್ಟಿ ಇಳಿಸಿದ ನೀರನ್ನು ಹಾಕಬೇಕು. ಬಿಸಿಯಿರುವಾಗ ಹಾಕಿದರೆ ಪಿಂಗಾಣಿ ಸೀಳುತ್ತದೆ. ಜೊತೆಗೆ ಉಳಿದ ಲೋಹವೇನಾದರೂ ಇದ್ದರೆ ಬಿಸಿ ನೀರಿನೊಂದಿಗೆ ಕೂಡಿ ಹೈಡ್ರೋಜನ್ ಬಿಡುತ್ತದೆ. ನೀರು ತಾಗಿದ ನೈಟ್ರೈಡ್ ಒಡೆದು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯ ಆಗುತ್ತದೆ. ಮೂಸೆಯ ಬಾಯಿಗೆ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿದರೆ ಅದು ನೀಲಿಗೆ ತಿರುಗುತ್ತದೆ, ಕೈಯಿಂದ ಮೆಲ್ಲನೆ ಬೀಸಿಕೊಂಡರೆ ಮೂಗಿಗೆ ಕಟುವಾದ ಪರಿಚಿತ ವಾಸನೆ ತಾಗುತ್ತದೆ. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು: ಅಷ್ಟು ಹೊತ್ತು ಬರೀ ಅಂಕಿಯಾಗಿದ್ದ ಕೊರತೆ ಈಗ ವಾಸನೆಯಾಗಿ, ಬಣ್ಣವಾಗಿ ಕೈಗೆ ಸಿಗುತ್ತದೆ. ಆಮೇಲೆ ಮೊದಲು ಸಿಡಿಯದಂತೆ ಸಣ್ಣ ಉರಿಯಲ್ಲಿ ಒಣಗಿಸಿ, ನಂತರ ಬಲವಾಗಿ ಕಾಯಿಸಿದರೆ, ಹೈಡ್ರಾಕ್ಸೈಡ್ ತನ್ನ ನೀರನ್ನು ಬಿಟ್ಟುಕೊಟ್ಟು ಆಕ್ಸೈಡ್ ಆಗಿ ಉಳಿಯುತ್ತದೆ. ಸಾರಜನಕದ ಜಾಗಕ್ಕೆ, ನೀರಿನ ಮೂಲಕ, ಆಮ್ಲಜನಕ ಬಂದು ಕುಳಿತಂತಾಯಿತು.

ಇಲ್ಲಿ ಒಂದು ಹೊಸ ಅಪಾಯವೂ ಇದೆ. ಈ ಎರಡನೆಯ ಕಾಯಿಸುವಿಕೆಯಲ್ಲಿ ಅವಸರ ಮಾಡಿದರೆ ಹೈಡ್ರಾಕ್ಸೈಡ್ ಹಾಗೆಯೇ ಉಳಿದು ತೂಕವನ್ನು ಮೇಲಕ್ಕೆ ಒಯ್ಯುತ್ತದೆ. ನಮ್ಮ ಉದಾಹರಣೆಯಲ್ಲಿ ಲೋಹದ ಇಪ್ಪತ್ತನೆಯ ಒಂದು ಪಾಲು ಹೈಡ್ರಾಕ್ಸೈಡ್ ರೂಪದಲ್ಲೇ ಉಳಿದರೂ 9 ಮಿಲಿಗ್ರಾಂ ಹೆಚ್ಚು ಕಾಣುತ್ತದೆ. ಹೊಗೆಯಲ್ಲಿ ಕಳೆದುಕೊಂಡದ್ದನ್ನು ಹೀಗೆ ಉಳಿದ ನೀರು ಭರ್ತಿ ಮಾಡಿ, ಎರಡು ತಪ್ಪುಗಳು ಸೇರಿ ಒಂದು ಸುಂದರವಾದ ಉತ್ತರ ಹುಟ್ಟಲು ಸಾಧ್ಯವಿದೆ. ಉತ್ತರ ಪುಸ್ತಕದ್ದಕ್ಕೆ ಹತ್ತಿರ ಬಂದಿತೆಂಬ ಒಂದೇ ಕಾರಣಕ್ಕೆ ಪ್ರಯೋಗ ಸರಿಯಾಗಿ ನಡೆಯಿತೆಂದು ಹೇಳಲಾಗದು.

ನೀರಿನ ನಂತರ ಕಾಯಿಸಿ ಸ್ಥಿರ ತೂಕಕ್ಕೆ ತಂದಾಗ 32.813 ಗ್ರಾಂ ಬಂದಿತೆನ್ನೋಣ. ಈಗ ಆಮ್ಲಜನಕ 0.154 ಗ್ರಾಂ, ಅನುಪಾತ 0.96. ಉತ್ತರ ಸುಧಾರಿಸಿತು ಎಂಬುದಕ್ಕಿಂತ ಮುಖ್ಯವಾದದ್ದು, ನೀರಿಗೆ ಮೊದಲಿನ ತೂಕವನ್ನೂ ಬರೆದಿಟ್ಟುಕೊಂಡಿರುವುದರಿಂದ ನಮಗೆ ಸಿಗುವ ಇನ್ನೊಂದು ಮಾಹಿತಿ. ಬಾಯ್ಲ್ ಮಾಡದೆ ಬಿಟ್ಟು ಲವಾಸಿಯೇ ಮಾಡಿದ ಆ ಹೆಚ್ಚುವರಿ ತೂಕದಂಥದ್ದು ಇದು. ಎರಡರ ವ್ಯತ್ಯಾಸ 7 ಮಿಲಿಗ್ರಾಂ. ನೈಟ್ರೈಡ್‌ನಲ್ಲಿದ್ದ ಒಂದು ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಆದಾಗ 0.274 ಗ್ರಾಂ ಹೆಚ್ಚುವುದರಿಂದ, 7 ಮಿಲಿಗ್ರಾಂ ಹೆಚ್ಚಲು ಸುಮಾರು 0.026 ಗ್ರಾಂ ಲೋಹ ನೈಟ್ರೈಡ್ ಆಗಿದ್ದಿರಬೇಕು. ಅಂದರೆ ನಾವು ಇಟ್ಟ ಲೋಹದ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಭಾಗ ಸಾರಜನಕದ ಪಾಲಾಗಿತ್ತು. ನೀರು ಹಾಕುವ ಮೊದಲೇ ಲೋಹ ಪೂರ್ತಿ ಉರಿದು ಸ್ಥಿರ ತೂಕಕ್ಕೆ ಬಂದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ಇನ್ನೂ ಉಳಿದ 6 ಮಿಲಿಗ್ರಾಂ ಕೊರತೆಗೆ ಹೊಗೆಯೇ ಕಾರಣವೆಂದು, ಮುಚ್ಚಳದ ಒಳಮೈಗೂ ಅಂಚಿಗೂ ಬಿಳಿ ಪುಡಿ ಹತ್ತಿಕೊಂಡಿರುವುದನ್ನು ನೋಡಿ, ಊಹಿಸಬಹುದು.

ಇಷ್ಟು ಸೂಕ್ಷ್ಮವಾಗಿ ಹೇಳಲು ತಕ್ಕಡಿ ಒಪ್ಪುತ್ತದೆಯೇ ಎಂದೂ ಕೇಳಿಕೊಳ್ಳಬೇಕು. ಅನೇಕ ಶಾಲೆಗಳಲ್ಲಿ ಇರುವ ತಕ್ಕಡಿ ಗ್ರಾಂನ ನೂರನೆಯ ಒಂದು ಪಾಲಿನವರೆಗೆ ಮಾತ್ರ ತೋರಿಸುತ್ತದೆ. ಅದರಲ್ಲಿ ಲೋಹ 0.24, ಆಮ್ಲಜನಕ 0.16 ಎಂದು ಬಂದರೂ, ಪ್ರತಿ ತೂಕದಲ್ಲಿ 0.01 ಆಚೀಚೆಯಾದರೆ ಆಮ್ಲಜನಕ 0.14ರಿಂದ 0.18ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಲೋಹವೂ 0.22ರಿಂದ 0.26ರವರೆಗೆ ಬದಲಾಗಬಹುದಾದ್ದರಿಂದ ಅನುಪಾತ ಸುಮಾರು 0.82ರಿಂದ 1.24ರವರೆಗೆ ಓಲಾಡಬಹುದು. ಒಂದಕ್ಕೆ ಒಂದು ಎಂಬ ಸೂತ್ರವನ್ನು ಒಂದಕ್ಕೆ ಎರಡು ಅಥವಾ ಎರಡಕ್ಕೆ ಮೂರು ಎಂಬವುಗಳಿಂದ ಬೇರ್ಪಡಿಸಲು ಇಷ್ಟು ಧಾರಾಳವಾಗಿ ಸಾಕು. ಆದರೆ 7 ಮಿಲಿಗ್ರಾಂನ ನೈಟ್ರೈಡ್ ಅಂಥ ತಕ್ಕಡಿಯ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಲಿಟ್ಮಸ್ ಕಾಗದವನ್ನೇ ನಂಬಬೇಕು, ಇಲ್ಲವೇ ತರಗತಿಯ ಎಲ್ಲ ಗುಂಪುಗಳೂ ಬೇರೆ ಬೇರೆ ಪ್ರಮಾಣದ ಲೋಹವನ್ನು ತೆಗೆದುಕೊಂಡು, ಲೋಹದ ತೂಕಕ್ಕೆ ಎದುರಾಗಿ ಆಕ್ಸೈಡ್‌ನ ತೂಕವನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಗುರುತಿಸಬೇಕು. ಬಿಂದುಗಳು ಮೂಲಬಿಂದುವಿನಿಂದ ಹೊರಟ ಒಂದು ನೇರ ರೇಖೆಯ ಸುತ್ತ ಕೂರುತ್ತವೆ, ರೇಖೆಯ ಓಟ, ಅಂದರೆ ಒಂದು ಗ್ರಾಂ ಲೋಹಕ್ಕೆ ಬರುವ ಆಕ್ಸೈಡ್‌ನ ತೂಕ, 1.66ಕ್ಕಿಂತ ತುಸು ಕೆಳಗೆ ಬೀಳುತ್ತದೆ. ತಿದ್ದಿದ ಅಂಕಿಗಳು ಒಂದೆರಡು ಬೆರೆತರೂ ಈ ರೇಖೆ ಸುಳ್ಳಾಗಿಬಿಡುತ್ತದೆ.

ಸಣ್ಣ ವ್ಯತ್ಯಾಸವನ್ನು ಅಳಿಸಿಹಾಕದೆ ಇಟ್ಟುಕೊಂಡದ್ದರಿಂದ ದೊಡ್ಡ ಶೋಧವಾದ ಪ್ರಸಂಗವೊಂದು ರಸಾಯನಶಾಸ್ತ್ರದ ಚರಿತ್ರೆಯಲ್ಲಿದೆ, ಮತ್ತು ಅದರಲ್ಲಿ ಮೆಗ್ನೀಸಿಯಂ ನೈಟ್ರೈಡ್‌ಗೇ ಮುಖ್ಯ ಪಾತ್ರವಿದೆ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ ಅನಿಲಗಳ ಸಾಂದ್ರತೆಯನ್ನು ಅಳೆಯುತ್ತಿದ್ದಾಗ, ಗಾಳಿಯಿಂದ ಪಡೆದ ಸಾರಜನಕ ಲೀಟರಿಗೆ 1.257 ಗ್ರಾಂ ತೂಗಿದರೆ, ಅಮೋನಿಯದಂಥ ಸಂಯುಕ್ತಗಳಿಂದ ಪಡೆದ ಸಾರಜನಕ 1.250 ಗ್ರಾಂ ಮಾತ್ರ ತೂಗುತ್ತಿತ್ತು. ಶೇಕಡಾ ಅರ್ಧದಷ್ಟು ವ್ಯತ್ಯಾಸ. ಅದನ್ನು ಅವರು ಕೈತಪ್ಪೆಂದು ಬದಿಗಿಡಲಿಲ್ಲ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ವ್ಯತ್ಯಾಸ ಉಳಿದೇ ಉಳಿದಾಗ, 1892ರಲ್ಲಿ ಅದನ್ನು ಪ್ರಕಟಿಸಿ ರಸಾಯನಶಾಸ್ತ್ರಜ್ಞರ ಅಭಿಪ್ರಾಯ ಕೇಳಿದರು. ವಿಲಿಯಂ ರಾಮ್ಸೆ ಈ ಒಗಟನ್ನು ಬಿಡಿಸಲು ಆರಿಸಿಕೊಂಡದ್ದು ಕೆಂಪಗೆ ಕಾದ ಮೆಗ್ನೀಸಿಯಂ. ಆಮ್ಲಜನಕವನ್ನು ತೆಗೆದುಹಾಕಿದ ಗಾಳಿಯನ್ನು ಆ ಲೋಹದ ಮೇಲೆ ಮತ್ತೆ ಮತ್ತೆ ಹಾಯಿಸಿದಾಗ ಸಾರಜನಕವೆಲ್ಲ ನೈಟ್ರೈಡ್ ಆಗಿ ಲೋಹಕ್ಕೆ ಅಂಟಿಕೊಂಡಿತು, ಮತ್ತು ಎಷ್ಟು ಹಾಯಿಸಿದರೂ ಅಂಟಿಕೊಳ್ಳದ ಒಂದು ಸಣ್ಣ ಪಾಲು ಉಳಿಯಿತು. 1894ರಲ್ಲಿ ಅವರಿಬ್ಬರೂ ಸೇರಿ ಸಾರಿದ ಆ ಹೊಸ ಧಾತುವೇ ಆರ್ಗಾನ್. ಗಾಳಿಯಲ್ಲಿ ಅದರ ಪಾಲು ಶೇಕಡಾ ಒಂದಕ್ಕೆ ತುಸು ಕಡಿಮೆ. ಶಾಲೆಯ ಮೂಸೆಯ ಮುಚ್ಚಳದಡಿಯಲ್ಲೂ, ಆಮ್ಲಜನಕ ಮೊದಲು, ಸಾರಜನಕ ಅದರ ಹಿಂದೆ ಲೋಹವನ್ನು ಸೇರುತ್ತಿರುವಾಗ, ಯಾವುದರೊಂದಿಗೂ ಕೂಡದೆ ಅದು ಅಲ್ಲೇ ಇರುತ್ತದೆ.